ಲಿಂದೋಸ್: ಒಂದು ಗ್ರೀಕ್ ದ್ವೀಪಪಟ್ಟಣದ ಹೆಸರು ಮತ್ತು ಚರಿತ್ರೆಯನ್ನು ಬಿಡಿಸಿ ಓದುವ ಬಗೆ

ಗ್ರೀಸಿನ ದ್ವೀಪಗಳನ್ನು ನೋಡಿಬಂದು ಕನ್ನಡದಲ್ಲಿ ಬರೆಯುವವರು ಈಚೆಗೆ ಹೆಚ್ಚಿದ್ದಾರೆ. ಓದಲು ಸಂತೋಷ. ಆದರೆ ಊರಿನ ಹೆಸರು ಮತ್ತು ಚರಿತ್ರೆಯ ಮಾತು ಬಂದಾಗ ಹೆಚ್ಚಿನವರು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ: 'ಸೂರ್ಯದೇವನ ಮೊಮ್ಮಗನಿಂದ ಈ ಊರಿಗೆ ಈ ಹೆಸರು ಬಂತು.' ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಾಗ ನನ್ನ ವಿದ್ಯಾರ್ಥಿಗಳು ನಮ್ಮ ಊರುಗಳ ಸ್ಥಳಪುರಾಣವನ್ನು ಬರೆದು ತಂದಾಗಲೂ ನಾನು ಇದನ್ನೇ ಕೇಳುತ್ತಿದ್ದೆ. ನಿವೃತ್ತಿಯ ನಂತರ ಗ್ರೀಕ್ ಶಾಸನಗಳ ಅನುವಾದಗಳನ್ನು ಓದುವ ಹವ್ಯಾಸ ಹತ್ತಿಕೊಂಡಿತು. ಅದರಲ್ಲಿ ನನಗೆ ಬಹಳ ಪ್ರಿಯವಾದ ಊರು ರೋಡ್ಸ್ ದ್ವೀಪದ ಲಿಂದೋಸ್. ಒಂದು ಪುರಾತನ ಪಟ್ಟಣದ ಹೆಸರು, ಚರಿತ್ರೆಗಳನ್ನು ಕ್ರಮವಾಗಿ ಬಿಡಿಸುವುದು ಹೇಗೆ ಎಂಬುದನ್ನು ಆ ಊರನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಅದಕ್ಕೆ ಕಾರಣವೂ ಇದೆ: ಈ ಕೆಲಸವನ್ನು ಲಿಂದೋಸಿನ ಜನರೇ ಕ್ರಿ.ಪೂ. 99ರಲ್ಲಿ ಮಾಡಿ, ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾರೆ.

ಮೊದಲು ಒಂದು ನೋಟ್‌ಪುಸ್ತಕ ತೆಗೆದುಕೊಂಡು ಪುಟಕ್ಕೆ ಎರಡು ಗೆರೆ ಎಳೆಯಿರಿ. ಎಡಗಡೆ ಹೇಳಿಕೆ, ನಡುವೆ ಅದನ್ನು ಹೇಳಿದವರು, ಬಲಗಡೆ ಹೇಳಿದವರ ಕಾಲ. ಘಟನೆ ನಡೆಯಿತೆನ್ನುವ ಕಾಲವನ್ನು ಬಲಗಡೆಯ ಅಂಕಣದಲ್ಲಿ ಬರೆಯಬೇಡಿ. ಅದು ಹೇಳಿಕೆಯದೇ ಒಂದು ಭಾಗ, ಎಡಗಡೆಗೆ ಸೇರಬೇಕು. ಈ ಒಂದು ಶಿಸ್ತು ಇದ್ದರೆ ಅರ್ಧ ಗೊಂದಲ ಅಲ್ಲಿಗೇ ಕಳೆಯುತ್ತದೆ.

ಹೆಸರನ್ನು ಬರೆಯುವುದರಿಂದಲೇ ಕೆಲಸ ಶುರು. ಇಂಗ್ಲಿಷಿನ ಮೂಲಕ ಬಂದವರು 'ಲಿಂಡೋಸ್' ಎನ್ನುತ್ತಾರೆ. ಗ್ರೀಕರ ಉಚ್ಚಾರದಲ್ಲಿರುವುದು ಹಲ್ಲಿಗೆ ನಾಲಿಗೆ ತಾಗುವ ಧ್ವನಿ, ನಮ್ಮ ದಕಾರಕ್ಕೆ ಹತ್ತಿರದ್ದು. ಕನ್ನಡದಲ್ಲಿ ಆ ಅಕ್ಷರ ಇರುವಾಗ ಡಕಾರ ಏಕೆ? ನಾನು ಲಿಂದೋಸ್ ಎಂದೇ ಬರೆಯುತ್ತೇನೆ. ಆದರೆ ಹುಡುಕುವಾಗ ಎಲ್ಲ ರೂಪಗಳೂ ಕೈಯಲ್ಲಿರಲಿ: ಗ್ರೀಕ್ ಲಿಪಿಯ ರೂಪ, ಇಟಾಲಿಯನ್ನರ ಆಳ್ವಿಕೆಯ ದಾಖಲೆಗಳ 'ಲಿಂದೋ', ಊರಿನವರನ್ನು ಕರೆಯುವ 'ಲಿಂದಿಯೋಸ್'. ಊರಿನ ಬೆಟ್ಟದ ಮೇಲಿನ ಗುಡಿಯ ದೇವತೆಯ ಹೆಸರಿಗೂ ಇದೇ ಎಚ್ಚರ ಬೇಕು. ರೋಡ್ಸಿನವರು ಆಡುತ್ತಿದ್ದದ್ದು ಗ್ರೀಕಿನ ಡೋರಿಯನ್ ಉಪಭಾಷೆ. ಅಥೆನ್ಸಿನವರ 'ಅಥೀನಾ' ಇವರ ಶಾಸನಗಳಲ್ಲಿ 'ಅಥಾನಾ' ಆಗುತ್ತಾಳೆ. ಅಥಾನಾ ಲಿಂದಿಯಾ ಎಂದು ಹುಡುಕದಿದ್ದರೆ ಮುಖ್ಯವಾದ ಶಾಸನಗಳೇ ಕಣ್ಣು ತಪ್ಪುತ್ತವೆ. ಗ್ರೀಕ್ ಮೂಲಗಳಿಗೆ ಅನುವಾದ ಸಹಿತ ಪರ್ಸಿಯಸ್ ಎಂಬ ಅಂತರಜಾಲ ಗ್ರಂಥಾಲಯವಿದೆ, ಪ್ರಾಚೀನ ಸ್ಥಳನಾಮಗಳಿಗೆ ಪ್ಲಯಡೀಸ್ ಎಂಬ ಕೋಶವಿದೆ. ಎರಡೂ ಉಚಿತ.

ಮುಂದೆ, ಹೆಸರಿನ ಬಗ್ಗೆ ಹಳಬರು ಕೊಟ್ಟ ಕಥೆಗಳನ್ನೆಲ್ಲ ಸೇರಿಸಿ. ಒಂದನ್ನೇ ಆರಿಸಿಕೊಳ್ಳಬೇಡಿ. ಲಿಂದೋಸಿಗೆ ಕಡಿಮೆಯೆಂದರೂ ಎರಡು ಕಥೆಗಳಿವೆ. ಕವಿ ಪಿಂಡಾರ್ ಕ್ರಿ.ಪೂ. 464ರಲ್ಲಿ ರೋಡ್ಸಿನ ಮುಷ್ಟಿಕಾಳಗದ ಪಟು ಡಿಯಾಗೊರಾಸನ ಒಲಿಂಪಿಕ್ ಗೆಲುವಿಗೆ ಕಟ್ಟಿದ ಪದ್ಯದಲ್ಲಿ ಹೇಳುತ್ತಾನೆ: ಸೂರ್ಯದೇವ ಹೀಲಿಯೋಸನಿಗೆ ಏಳು ಮಕ್ಕಳು, ಅವರಲ್ಲಿ ಒಬ್ಬನಿಗೆ ಇಯಾಲಿಸೋಸ್, ಕಾಮಿರೋಸ್, ಲಿಂದೋಸ್ ಎಂಬ ಮೂವರು ಗಂಡುಮಕ್ಕಳು, ಅವರು ದ್ವೀಪವನ್ನು ಮೂರು ಪಾಲು ಮಾಡಿಕೊಂಡು, ತಮ್ಮ ತಮ್ಮ ಪಾಲಿಗೆ ತಮ್ಮ ಹೆಸರಿಟ್ಟರು. ಇನ್ನೊಂದು ಕಥೆ ಭೂಗೋಳಕಾರ ಸ್ಟ್ರಾಬೊ ದಾಖಲಿಸಿದ್ದು: ಪುರಾಣವೀರ ಹೆರಾಕ್ಲೀಸನ ಮಗ ಟ್ಲೆಪೋಲೆಮಸ್ ಈ ಊರುಗಳನ್ನು ಕಟ್ಟಿ, ಪುರಾಣದ ಅರಸ ಡನಾಯಸನ ಹೆಣ್ಣುಮಕ್ಕಳ ಹೆಸರುಗಳನ್ನು ಇಟ್ಟನಂತೆ. ಒಂದರಲ್ಲಿ ಲಿಂದೋಸ್ ಗಂಡು, ಇನ್ನೊಂದರಲ್ಲಿ ಹೆಣ್ಣು. ಎರಡನ್ನೂ ಒಂದರ ಕೆಳಗೊಂದು ಬರೆದರೆ ಸಾಕು, ಊರಿನ ಹೆಸರು ಮೊದಲಿತ್ತು, ಆ ಹೆಸರಿನ ಮೂಲಪುರುಷನನ್ನೋ ಮೂಲಸ್ತ್ರೀಯನ್ನೋ ಆಮೇಲೆ ಹುಟ್ಟಿಸಿಕೊಂಡರು ಎಂಬುದು ತಾನೇ ತೋರುತ್ತದೆ.

ಹಾಗೆಂದು ಈ ಕಥೆಗಳನ್ನು ತಳ್ಳಿಹಾಕುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಅವು ಜನರ ಹಕ್ಕುಸಾಧನೆಯ ದಾಖಲೆಗಳು. ಹೀಲಿಯೋಸನ ವಂಶ ಎಂದು ಹೇಳಿಕೊಂಡಾಗ ಊರು ದ್ವೀಪದ ಮಣ್ಣಿನದಾಗುತ್ತದೆ. ಹೆರಾಕ್ಲೀಸನ ಮಗ ಎಂದು ಹೇಳಿದಾಗ ಡೋರಿಯನ್ ಗ್ರೀಕರೊಂದಿಗೆ ನೆಂಟಸ್ತಿಕೆ ಸಿಗುತ್ತದೆ. ಡನಾಯಸನ ಮಕ್ಕಳೆಂದರೆ ಈಜಿಪ್ಟಿನ ಕಡೆಗೆ ಬಾಗಿಲು ತೆರೆಯುತ್ತದೆ, ಏಕೆಂದರೆ ಆ ಹೆಣ್ಣುಮಕ್ಕಳು ಈಜಿಪ್ಟಿನಿಂದ ಓಡಿಬಂದವರು. ಯಾವ ಕಥೆ ಯಾರಿಗೆ ಬೇಕಾಗಿತ್ತು ಎಂದು ನಡುವಿನ ಅಂಕಣದ ಪಕ್ಕದಲ್ಲಿ ಸಣ್ಣದಾಗಿ ಬರೆದುಕೊಳ್ಳಿ.

ಕಥೆ ಮುಗಿದ ಮೇಲೆ ಧ್ವನಿಯನ್ನು ನೋಡಿ. ಕೊರಿಂಥ್, ಜಾಕಿಂಥೋಸ್, ಟಿರಿಂಥ್ ಮುಂತಾದ ಹೆಸರುಗಳ 'ಂಥ್', ಏಜಿಯನ್ ಕಡಲಿನಾಚೆ ಇಂದಿನ ಟರ್ಕಿಯ ನೆಲದಲ್ಲಿರುವ ಅಲಿಂದಾ, ಲಬ್ರಾಂದಾ, ಒಯ್ನೊಆಂದಾಗಳ 'ಂದ', ಇವು ಗ್ರೀಕರು ಬರುವುದಕ್ಕೆ ಮೊದಲಿನ ಭಾಷೆಗಳ ಗುರುತು ಎಂಬುದು ಭಾಷಾಶಾಸ್ತ್ರಜ್ಞರಲ್ಲಿ ಬಹುಮಟ್ಟಿಗೆ ಒಪ್ಪಿಗೆಯಾದ ಮಾತು. ಲಿಂದೋಸನ್ನೂ ಆ ಗುಂಪಿಗೇ ಸೇರಿಸುತ್ತಾರೆ. ಭೂಪಟ ತೆರೆದು ಈ ಹೆಸರುಗಳಿಗೆ ಚುಕ್ಕೆ ಇಟ್ಟು ನೋಡಿ. ರೋಡ್ಸ್ ಎದುರಿಗಿನ ತೀರಕ್ಕೆ ಎಷ್ಟು ಹತ್ತಿರವಿದೆ ಎಂಬುದು ಕಂಡಾಗ ಈ ಮಾತಿಗೆ ತೂಕ ಬರುತ್ತದೆ. 'ಲಿಂದೋಸ್ ಎಂದರೆ ಇಂಥ ಅರ್ಥ' ಎಂದು ಖಚಿತವಾಗಿ ಹೇಳುವ ಬರಹ ಸಿಕ್ಕಿದರೆ ಆಧಾರ ಕೇಳಿ. ಆಧಾರ ಕೊಡದಿದ್ದರೆ ಪುಟ ಮಗುಚಿ.

ಊರಿನ ಹೆಸರು ಬರವಣಿಗೆಯಲ್ಲಿ ಮೊದಲು ಎಲ್ಲಿ ಬಂತು ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಉತ್ತರ ಸುಲಭ. ಹೋಮರನ ಇಲಿಯಡ್ ಕಾವ್ಯದ ಎರಡನೆಯ ಸರ್ಗದಲ್ಲಿ ಟ್ರಾಯ್‌ಗೆ ಹೊರಟ ಹಡಗುಗಳ ಪಟ್ಟಿಯಿದೆ. ಟ್ಲೆಪೋಲೆಮಸ್ ರೋಡ್ಸಿನಿಂದ ಒಂಬತ್ತು ಹಡಗು ತಂದ. ಅವನ ಜನ ಮೂರು ಭಾಗವಾಗಿ ಲಿಂದೋಸ್, ಇಯಾಲಿಸೋಸ್ ಮತ್ತು ಬೆಳ್ಳನೆಯ ಕಾಮಿರೋಸಿನಲ್ಲಿ ನೆಲಸಿದ್ದರು. ರೋಡ್ಸ್ ಎಂಬ ನಗರ ಅಲ್ಲಿ ಇಲ್ಲ. ಅದು ಹುಟ್ಟಿದ್ದೇ ಕ್ರಿ.ಪೂ. 408ರಲ್ಲಿ, ಈ ಮೂರು ಊರುಗಳು ಕೂಡಿ ದ್ವೀಪದ ಉತ್ತರದ ತುದಿಯಲ್ಲಿ ಹೊಸ ರಾಜಧಾನಿ ಕಟ್ಟಿಕೊಂಡಾಗ. ಇದನ್ನು ನೆನಪಿಡಿ: ನೀವು ಹಡಗಿಳಿಯುವ ರೋಡ್ಸ್ ನಗರಕ್ಕಿಂತ ಲಿಂದೋಸ್ ಹಳೆಯದು.

ಈಗ ಕಲ್ಲಿನ ವಿಷಯ. ಇದಕ್ಕೆ ಹೆಚ್ಚು ಸಮಯ ಕೊಡಿ.

1902ರಿಂದ ಕಿಂಕ್ ಮತ್ತು ಬ್ಲಿಂಕೆನ್‌ಬರ್ಗ್ ಎಂಬ ಡೆನ್ಮಾರ್ಕಿನ ವಿದ್ವಾಂಸರ ತಂಡ ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನದ ಹಣದಿಂದ ಲಿಂದೋಸಿನಲ್ಲಿ ಉತ್ಖನನ ನಡೆಸಿತು. 1904ರಲ್ಲಿ ಅಲ್ಲಿನ ಸಂತ ಸ್ಟೀಫನ್ನರ ಚಿಕ್ಕ ಇಗರ್ಜಿಯಲ್ಲಿ ನೆಲಹಾಸಾಗಿದ್ದ ಒಂದು ಚಪ್ಪಡಿ ಸಿಕ್ಕಿತು. ಎರಡು ಮೀಟರಿಗಿಂತ ಉದ್ದದ ಆ ಕಲ್ಲಿನ ತುಂಬ ಅಕ್ಷರ. ಇಂದು ಅದು ಕೋಪನ್‌ಹೇಗನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ವಿದ್ವಾಂಸರು ಅದನ್ನು ಲಿಂದೋಸಿನ ವೃತ್ತಾಂತ ಎನ್ನುತ್ತಾರೆ.

ಓದುವಾಗ ಮೊದಲ ಸಾಲಿನಿಂದಲೇ ಓದಿ. ನಮ್ಮ ಶಾಸನಗಳಲ್ಲಿ ಶಕವರ್ಷ, ತಿಥಿಗಳು ಬರುವಂತೆ ಇಲ್ಲಿ ಅರ್ಚಕನ ಹೆಸರು ಬರುತ್ತದೆ: ಸೋಸಿಕ್ರಾಟಿಸನ ಮಗ ತೆಯ್ಸಿಲೋಸ್ ಅರ್ಚಕನಾಗಿದ್ದಾಗ, ಅರ್ತಮಿತಿಯೋಸ್ ತಿಂಗಳ ಹನ್ನೆರಡನೆಯ ದಿನ. ಅಥಾನಾ ಲಿಂದಿಯಾಳ ಅರ್ಚಕ ಪದವಿ ವರ್ಷಕ್ಕೊಬ್ಬರಿಗೆ ಬದಲಾಗುತ್ತಿತ್ತು. ಆ ಅರ್ಚಕರ ಪಟ್ಟಿಯೇ ಬೇರೆ ಕಲ್ಲಿನಲ್ಲಿ ಉಳಿದಿರುವುದರಿಂದ ಲಿಂದೋಸಿನ ಕಾಲಗಣನೆಗೆ ಇಷ್ಟು ಗಟ್ಟಿ ನೆಲ ಸಿಕ್ಕಿದೆ. ಹಾಗಾಗಿ ಅರ್ಚಕನ ಹೆಸರು ಎಲ್ಲಿ ಕಂಡರೂ ಬಿಡದೆ ಬರೆದುಕೊಳ್ಳಿ.

ಅನಂತರ ಬರುವುದು ನಿರ್ಣಯ. ದೇವಸ್ಥಾನ ಅತಿ ಪ್ರಾಚೀನವಾದದ್ದು, ದೇವಿಯ ಸಾಕ್ಷಾತ್ಕಾರದ ಕಾರಣ ಅನೇಕ ಸುಂದರ ಕಾಣಿಕೆಗಳಿಂದ ಕೂಡಿತ್ತು, ಆದರೆ ಕಾಣಿಕೆಗಳೂ ಅವುಗಳ ಮೇಲಿನ ಬರಹಗಳೂ ಕಾಲದಿಂದ ಬಹುಪಾಲು ನಾಶವಾಗಿವೆ. ಆದ್ದರಿಂದ ಇಬ್ಬರನ್ನು ಆರಿಸಿ, ಪತ್ರಗಳಿಂದ, ಸಾರ್ವಜನಿಕ ದಾಖಲೆಗಳಿಂದ, ಇತರ ಸಾಕ್ಷ್ಯಗಳಿಂದ ವಿವರ ಕೂಡಿಸಿ ಕಲ್ಲಿನಲ್ಲಿ ಬರೆಸಬೇಕು. ಕಲ್ಲು ಎಲ್ಲಿಯದಿರಬೇಕು ಎಂಬುದೂ ನಿರ್ಣಯದಲ್ಲಿದೆ: ಲಾರ್ತೋಸಿನದು. ಕೆಲವೇ ಕಿಲೋಮೀಟರ್ ದೂರದ ಆ ಊರು ಇಂದಿಗೂ ಲಾರ್ದೋಸ್ ಎಂಬ ಹೆಸರಿನಲ್ಲಿದೆ. ಆಯ್ಕೆಯಾದ ಇಬ್ಬರು ಥಾರ್ಸಾಗೋರಾಸ್ ಮತ್ತು ತಿಮಾಖಿದಾಸ್. ನಿರ್ಣಯ ಮಂಡಿಸಿದವನ ಹೆಸರನ್ನೂ ತಿಮಾಖಿದಾಸನ ತಂದೆಯ ಹೆಸರನ್ನೂ ಜೋಡಿಸಿ ನೋಡಿ, ಅಪ್ಪ ಮಂಡಿಸಿದ, ಮಗ ಬರೆದ ಎಂಬ ತೀರ್ಮಾನಕ್ಕೆ ವಿದ್ವಾಂಸರು ಬಂದಿದ್ದಾರೆ. ಅಂದರೆ ಈ ಕೆಲಸಕ್ಕೆ ಒಂದು ಮನೆತನದ ಶ್ರದ್ಧೆಯೂ ಕೂಡಿತ್ತು. ನನಗೆ ಇದು ಬಹಳ ಹಿಡಿಸುತ್ತದೆ.

ಪಟ್ಟಿಯ ಮೊದಲ ಕಾಣಿಕೆ ಯಾರದು? ಲಿಂದೋಸ್ ಎಂಬ ಮೂಲಪುರುಷನದೇ! ಒಂದು ಬಟ್ಟಲು. ಅದು ಯಾವ ವಸ್ತುವಿನಿಂದ ಮಾಡಿದ್ದು ಎಂಬುದನ್ನು ಯಾರಿಂದಲೂ ತಿಳಿಯಲಾಗಲಿಲ್ಲ ಎಂದು ಕಲ್ಲು ಹೇಳುತ್ತದೆ. ಮುಂದೆ ಕಾಡ್ಮೋಸನ ಕಂಚಿನ ಕಡಾಯಿ, ಅದರ ಮೇಲೆ ಫಿನೀಷಿಯನ್ ಅಕ್ಷರ. ರಾಜ ಮೀನೋಸನ ಬೆಳ್ಳಿಯ ಪಾತ್ರೆ. ಹೆಲೆನ್ ಕೊಟ್ಟ ಒಂದು ಜೊತೆ ಕಡಗ. ಪುರಾಣವೆಂದು ನಕ್ಕು ಬಿಡುವ ಮೊದಲು ಪ್ರತಿ ಕಾಣಿಕೆಯ ಕೊನೆಯಲ್ಲಿ ಏನಿದೆ ನೋಡಿ: ಗೋರ್ಗೋನ್ ತನ್ನ ರೋಡ್ಸ್ ಕುರಿತ ಗ್ರಂಥದ ಮೊದಲ ಭಾಗದಲ್ಲಿ ಹೇಳುವಂತೆ, ಗೋರ್ಗೋಸ್ಥೆನೀಸನ ಪತ್ರದಲ್ಲಿರುವಂತೆ, ಹಿಯೆರೋಬುಲೋಸನ ಪತ್ರದಲ್ಲಿರುವಂತೆ. ಪ್ರತಿಯೊಂದಕ್ಕೂ ಆಧಾರ! ಅವರ ಗ್ರಂಥಗಳೆಲ್ಲ ಕಳೆದುಹೋಗಿವೆ, ಉಲ್ಲೇಖಗಳು ಕಲ್ಲಿನಲ್ಲಿ ಉಳಿದಿವೆ. ನಿಮ್ಮ ನೋಟ್‌ಪುಸ್ತಕದ ನಡುವಿನ ಅಂಕಣವನ್ನು ಲಿಂದೋಸಿನವರು ಎರಡು ಸಾವಿರ ವರ್ಷಗಳ ಹಿಂದೆಯೇ ತುಂಬಿಕೊಟ್ಟಿದ್ದಾರೆ.

ಇದೇ ಕಲ್ಲು ಇನ್ನೊಂದು ಸಂಗತಿ ಹೇಳುತ್ತದೆ. ಅಸ್ತಿಯಾನಾಕ್ತಿದಾಸನ ಮಗ ಯೂಕ್ಲೀಸ್ ಅರ್ಚಕನಾಗಿದ್ದಾಗ ದೇವಸ್ಥಾನಕ್ಕೆ ಬೆಂಕಿ ಬಿದ್ದು, ಕಾಣಿಕೆಗಳ ಬಹುಪಾಲು ಸುಟ್ಟುಹೋಯಿತು. ಇದು ಕ್ರಿ.ಪೂ. 4ನೇ ಶತಮಾನದ ಮಾತು. ಹಾಗಾದರೆ ಹೆಲೆನಳ ಕಡಗವನ್ನಾಗಲಿ ಲಿಂದೋಸನ ಬಟ್ಟಲನ್ನಾಗಲಿ ತಿಮಾಖಿದಾಸ್ ಕಣ್ಣಿನಿಂದ ಕಂಡಿರಲಿಕ್ಕಿಲ್ಲ. ಅವನು ಓದಿದ್ದನ್ನು ಬರೆದ. ಬಲಗಡೆಯ ಅಂಕಣದಲ್ಲಿ 99 ಎಂದು ಬರೆಯುವಾಗ ಅದರ ಕೆಳಗೆ 'ಕಂಡದ್ದಲ್ಲ, ಓದಿದ್ದು' ಎಂದೂ ಸೇರಿಸಿ.

ಒಂದೇ ಮೂಲವನ್ನು ನಂಬಿ ಕೂರದೆ ಇನ್ನೊಂದರ ಪಕ್ಕ ಇಟ್ಟು ನೋಡುವುದನ್ನು ಕಲಿಯಲು ಈಜಿಪ್ಟಿನ ಅರಸ ಅಮಾಸಿಸನ ನಾರಿನ ಕವಚಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಕ್ರಿ.ಪೂ. 570ರಿಂದ 526ರವರೆಗೆ ಆಳಿದ ಅಮಾಸಿಸ್ ಲಿಂದೋಸಿನ ಅಥೀನಾಳಿಗೆ ಎರಡು ಕಲ್ಲಿನ ಪ್ರತಿಮೆಗಳನ್ನೂ ಅಗಸೆನಾರಿನ ಒಂದು ಕವಚವನ್ನೂ ಅರ್ಪಿಸಿದನೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಸ್ಪಾರ್ಟಾಕ್ಕೆ ಕಳಿಸಿದ ಅಂಥದೇ ಕವಚವನ್ನು ವರ್ಣಿಸುತ್ತ, ಅದರ ಒಂದೊಂದು ದಾರದಲ್ಲೂ 360 ಎಳೆಗಳಿದ್ದವು ಎನ್ನುತ್ತಾನೆ. ಲಿಂದೋಸಿನ ಕಲ್ಲೂ 360 ಎನ್ನುತ್ತದೆ, ಹೆರೊಡೋಟಸನನ್ನು ಸಾಕ್ಷಿಯಾಗಿ ಹೆಸರಿಸುತ್ತದೆ. ಹಾಗಾದರೆ ಇವು ಎರಡು ಸಾಕ್ಷ್ಯವಲ್ಲ, ಒಂದೇ. ಆದರೆ ರೋಮಿನ ಲೇಖಕ ಪ್ಲಿನಿ ಕ್ರಿ.ಶ. 1ನೇ ಶತಮಾನದಲ್ಲಿ 365 ಎಳೆ ಎನ್ನುತ್ತಾನೆ. ಕವಚವನ್ನು ನೋಡಿಬಂದ ಮುಕಿಯಾನಸ್ ಎಂಬ ರೋಮನ್ ಅಧಿಕಾರಿಯ ಮಾತನ್ನು ಉಲ್ಲೇಖಿಸಿ, ಎಳೆ ಎಣಿಸಲು ಬಂದವರೆಲ್ಲ ಕಿತ್ತು ನೋಡಿ ನೋಡಿ ಈಗ ಚೂರುಗಳಷ್ಟೇ ಉಳಿದಿವೆ ಎಂದೂ ಹೇಳುತ್ತಾನೆ. ಬೆಂಕಿಯಲ್ಲಿ ಹೋಗಬೇಕಾಗಿದ್ದದ್ದು ನಾನೂರು ವರ್ಷಗಳ ನಂತರ ಹೇಗೆ ಉಳಿಯಿತು? ಬಹುಪಾಲು ಸುಟ್ಟಿತು ಎಂದರೆ ಎಲ್ಲವೂ ಸುಟ್ಟಿತು ಎಂದಲ್ಲ. ಕವಚವನ್ನು ಯಾರಾದರೂ ಹೊರಗೆಳೆದಿರಬಹುದು, ಬೆಂಕಿಯ ನಂತರ ಬೇರೊಂದನ್ನು ಇಟ್ಟಿರಲೂಬಹುದು. ಮೂರೂ ಹೇಳಿಕೆಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಸರಿದೂಗಿಸಲು ಹೋಗಬೇಡಿ.

ಅದೇ ಕಲ್ಲು ಹೇಳುವ ಪರ್ಷಿಯನ್ನರ ಮುತ್ತಿಗೆಯ ಕಥೆಗೂ ಇದೇ ಕ್ರಮ. ಪರ್ಷಿಯದ ದೊರೆ ಡೇರಿಯಸನ ಸೇನಾನಿ ದಾತಿಸ್ ಲಿಂದೋಸನ್ನು ಮುತ್ತಿದ. ಬೆಟ್ಟದ ಮೇಲೆ ಸೇರಿದ್ದ ಜನಕ್ಕೆ ನೀರು ಮುಗಿಯುತ್ತ ಬಂತು. ದೇವಿ ಒಬ್ಬ ಅಧಿಕಾರಿಯ ಕನಸಿನಲ್ಲಿ ಬಂದು, ತಂದೆ ಜ್ಯೂಸನನ್ನು ನೀರು ಕೇಳುತ್ತೇನೆಂದಳು. ಊರಿನವರು ಐದು ದಿನದ ಗಡುವು ಕೇಳಿದರು, ದಾತಿಸ್ ನಕ್ಕ. ಮರುದಿನ ಬೆಟ್ಟದ ನೆತ್ತಿಗೆ ಮೋಡ ಕವಿದು ಮಳೆ ಸುರಿಯಿತು. ದಾತಿಸ್ ಮೇಲಂಗಿ, ಒಡವೆಗಳನ್ನು ಕಾಣಿಕೆಯಾಗಿ ಕಳಿಸಿದ. ಹೆರೊಡೋಟಸ್ ದಾತಿಸನ ಕ್ರಿ.ಪೂ. 490ರ ದಂಡಯಾತ್ರೆಯನ್ನು ವಿವರವಾಗಿ ಬರೆದಿದ್ದಾನೆ, ಡೀಲೋಸಿನಲ್ಲಿ ಅವನು 300 ಟ್ಯಾಲೆಂಟ್ ತೂಕದ ಧೂಪ ಉರಿಸಿದ್ದನ್ನೂ ಬಿಟ್ಟಿಲ್ಲ; ಲಿಂದೋಸಿನ ಮುತ್ತಿಗೆ ಮಾತ್ರ ಅಲ್ಲಿಲ್ಲ. ನೀರಿಲ್ಲದ ಕಡಿದಾದ ಬಂಡೆಯ ಮೇಲಿನ ಕೋಟೆಗೆ ಮಳೆಯೇ ದೇವರ ದರ್ಶನ ಎಂಬುದು ಮಾತ್ರ ಆ ನೆಲಕ್ಕೆ ಹೋದವರಿಗೆ ಮನಸ್ಸಿಗಿಳಿಯುವ ಸತ್ಯ.

ಹೆಸರು ಊರು ಬಿಟ್ಟು ಎಲ್ಲೆಲ್ಲಿಗೆ ಹೋಯಿತು ಎಂಬುದನ್ನೂ ಹುಡುಕಿ. ಸಿಸಿಲಿಯ ಗೇಲಾ ನಗರವನ್ನು ರೋಡ್ಸ್ ಮತ್ತು ಕ್ರೀಟಿನವರು ಕ್ರಿ.ಪೂ. 688ರ ಹೊತ್ತಿಗೆ ಕಟ್ಟಿದರು. ಅಲ್ಲಿ ಮೊದಲು ಗೋಡೆ ಕಟ್ಟಿದ ಕೋಟೆಯ ಜಾಗಕ್ಕೆ 'ಲಿಂದಿಯೋಯ್' ಎಂದು ಹೆಸರು, ಅಂದರೆ ಲಿಂದೋಸಿನವರು, ಎನ್ನುತ್ತಾನೆ ಗ್ರೀಕ್ ಇತಿಹಾಸಕಾರ ಥೂಸಿಡಿಡೀಸ್. ವಲಸೆಗೆ ಇದಕ್ಕಿಂತ ನೇರ ಸಾಕ್ಷಿ ಬೇಕೆ? 408ರ ನಂತರ ಊರಿನವರಿಗೆ ಹೊರಗೆ 'ರೋಡ್ಸಿನವ' ಎಂಬ ಗುರುತು, ಒಳಗೆ 'ಲಿಂದಿಯೋಸ್', ಲಿಂದೋಸ್ ಪಟ್ಟಣದ ಒಳಗಿನವನಾದರೆ 'ಲಿಂದೋಪೊಲಿತಾಸ್'. ರೋಡ್ಸ್ ನಗರದ ಬೃಹತ್ ಸೂರ್ಯಪ್ರತಿಮೆಯನ್ನು ಎರಕ ಹೊಯ್ದ ಖಾರೆಸ್‌ನನ್ನು ಪ್ರಾಚೀನರು ಲಿಂದೋಸಿನವನೆಂದೇ ಕರೆದರು. ಪ್ರತಿಮೆ ನಿಂತದ್ದು ರೋಡ್ಸ್ ನಗರದಲ್ಲಿ, ಲಿಂದೋಸಿನಲ್ಲಲ್ಲ.

ಇಷ್ಟು ಓದಿಕೊಂಡು ಊರಿಗೆ ಹೋಗಿ. ರೋಡ್ಸ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್, ಪೂರ್ವ ಕರಾವಳಿಯ ಬಸ್ ಹಿಡಿಯಬೇಕು. ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಹತ್ತಿ. ಸಮುದ್ರದಿಂದ 116 ಮೀಟರ್ ಎತ್ತರದ ಬಂಡೆಯ ಮೇಲೆ ನೆರಳಿಲ್ಲ. ಹತ್ತುವ ಮೆಟ್ಟಿಲಿನ ಬುಡದಲ್ಲಿ ಬಂಡೆಗೇ ಕೆತ್ತಿದ ಹಡಗಿನ ಹಿಂಭಾಗ ಕಾಣುತ್ತದೆ. ಅದು ಕ್ರಿ.ಪೂ. 180ರ ಸುಮಾರಿನದು, ಹಗೆಸಾಂದ್ರೋಸ್ ಎಂಬವನ ಕಂಚಿನ ಪ್ರತಿಮೆಗೆ ಪೀಠವಾಗಿದ್ದದ್ದು. ಮೇಲೆ ಕಾಣುವ ಅಥೀನಾ ದೇವಾಲಯ ಬೆಂಕಿಯ ನಂತರ ಕಟ್ಟಿದ ಚಿಕ್ಕ ಗುಡಿ. ಎದ್ದುನಿಂತಿರುವ ಕಂಬಗಳನ್ನು ಪ್ರಾಚೀನರೇ ಹಾಗೆ ಬಿಟ್ಟುಹೋದರೆಂದು ಭಾವಿಸಬೇಡಿ. 1912ರಿಂದ ದ್ವೀಪವನ್ನು ಆಳಿದ ಇಟಾಲಿಯನ್ನರು 1930ರ ದಶಕದಲ್ಲಿ ಕಬ್ಬಿಣ, ಕಾಂಕ್ರೀಟು ಬಳಸಿ ಹಲವನ್ನು ಎತ್ತಿ ನಿಲ್ಲಿಸಿದರು. ಕಬ್ಬಿಣ ತುಕ್ಕು ಹಿಡಿದು ಕಲ್ಲು ಸೀಳಿದ್ದರಿಂದ ಗ್ರೀಕರು ಮತ್ತೆ ಬಿಚ್ಚಿ ಸರಿಪಡಿಸಬೇಕಾಯಿತು. ಸುತ್ತಲಿನ ಎತ್ತರದ ಗೋಡೆಗಳು 1309ರಿಂದ 1522ರವರೆಗೆ ದ್ವೀಪವನ್ನು ಆಳಿದ ಸಂತ ಜಾನ್ ಪಂಥದ ಯೋಧರವು. ಕೆಳಗೆ ಓಣಿಗಳಲ್ಲಿ ಹಡಗಿನ ಕಪ್ತಾನರ ಮನೆಗಳು, ಅಂಗಳದಲ್ಲಿ ಕಪ್ಪು ಬಿಳುಪು ಬೆಣಚುಕಲ್ಲಿನ ಹಾಸು. ಅವು ಒಟ್ಟೊಮನ್ ಕಾಲದ ಸಿರಿವಂತಿಕೆ.

ಎರಡು ಫಲಕಗಳ ಎದುರು ನಿಂತು ಯೋಚಿಸಿ. ಕೊಲ್ಲಿಯ ಆಚೆಯ ಚಾಚಿನಲ್ಲಿರುವ ದುಂಡನೆಯ ಸಮಾಧಿಯನ್ನು ಕ್ಲಿಯೊಬುಲೋಸನದು ಎನ್ನುತ್ತಾರೆ. ಗ್ರೀಕರ ಏಳು ಜ್ಞಾನಿಗಳಲ್ಲಿ ಒಬ್ಬನಾದ ಆತ ಕ್ರಿ.ಪೂ. 6ನೇ ಶತಮಾನದಲ್ಲಿ ಲಿಂದೋಸನ್ನು ಆಳಿದವನು; ತಂದೆಯೊಬ್ಬ, ಮಕ್ಕಳು ಹನ್ನೆರಡು, ಒಬ್ಬೊಬ್ಬರಿಗೂ ಬಿಳಿಯ ಮತ್ತು ಕರಿಯ ಹೆಣ್ಣುಮಕ್ಕಳು, ಸಾವಿಲ್ಲದವರಾದರೂ ಎಲ್ಲರೂ ಅಳಿಯುತ್ತಾರೆ ಎಂಬ ಒಗಟು ಅವನದೆನ್ನುತ್ತಾರೆ (ಉತ್ತರ: ವರ್ಷ). ಆದರೆ ಸಮಾಧಿಯ ಕಟ್ಟಡ ಅವನಿಗಿಂತ ಹಲವು ಶತಮಾನ ಈಚಿನದು, ಯಾವುದೋ ಶ್ರೀಮಂತ ಮನೆತನದ್ದು. ಹಾಗೆಯೇ ದಕ್ಷಿಣದ ಕೊಲ್ಲಿಗೆ ಸಂತ ಪೌಲನ ಹೆಸರಿದೆ. ಬೈಬಲಿನ ಪ್ರೇಷಿತರ ಕಾರ್ಯಗಳಲ್ಲಿ ಇರುವುದು ಅವನು ರೋಡ್ಸಿಗೆ ಬಂದನೆಂಬ ಮಾತಷ್ಟೇ, ಲಿಂದೋಸಿನ ಹೆಸರಿಲ್ಲ. ಫೋಟೋ ತೆಗೆಯಿರಿ, ಹೆಸರನ್ನೂ ಬರೆಯಿರಿ, ಪಕ್ಕದಲ್ಲಿ 'ಊರಿನ ನಂಬಿಕೆ' ಎಂದು ಸೇರಿಸಿ.

ಲಿಂದೋಸ್ ಮುಗಿದ ಮೇಲೆ ಅದರ ಜೊತೆಯ ಕಾಮಿರೋಸನ್ನು ಹಿಡಿಯಿರಿ. ಹೋಮರನ ಅದೇ ಸಾಲು, ಪಿಂಡಾರನ ಅದೇ ಮೂವರು ಸಹೋದರರು ನಿಮಗೆ ಈಗಾಗಲೇ ಗೊತ್ತು. ಆದರೆ ಅಲ್ಲಿ ಇಂಥ ವೃತ್ತಾಂತದ ಕಲ್ಲು ಸಿಕ್ಕಿಲ್ಲ. 1859ರಿಂದ ಸಾಲ್ಸ್‌ಮನ್ ಮತ್ತು ಬಿಲಿಯೋಟಿ ಅಲ್ಲಿನ ಗೋರಿಗಳಿಂದ ತೆಗೆದ ಮಡಕೆ, ಒಡವೆಗಳ ದೊಡ್ಡ ಪಾಲು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹಾಗಾಗಿ ಅಲ್ಲಿ ಓದನ್ನು ಶಾಸನದಿಂದಲ್ಲ, ಆ ಸಂಗ್ರಹಾಲಯದ ವಸ್ತುಪಟ್ಟಿಯಿಂದ ಆರಂಭಿಸಿ.